ಸಸ್ಯಗಳಿಗೂ ಬೆರಳಚ್ಚು: ತಳಿ ಮತ್ತು ರೋಗ ಪತ್ತೆಗೆ ಡಿಎನ್‌ಎ ಪರೀಕ್ಷೆ

ಬಿತ್ತನೆ ಬೀಜದ ಚೀಲದ ಮೇಲಿರುವ ಹೆಸರನ್ನು ನಂಬಿ ರೈತ ಹಣ ತೆರುತ್ತಾನೆ. ಒಳಗಿರುವುದು ಅದೇ ತಳಿಯ ಬೀಜವೇ ಎಂಬುದು ಬಹುತೇಕ ತೆನೆ ಬಂದ ನಂತರವೇ ಗೊತ್ತಾಗುತ್ತದೆ. ಅಡಿಕೆಯಂತಹ ಬಹುವಾರ್ಷಿಕ ಬೆಳೆಯಲ್ಲಿ ಈ ಕಾಯುವಿಕೆ ಹಲವು ವರ್ಷಗಳದು. ತಪ್ಪು ತಿಳಿಯುವ ವೇಳೆಗೆ ಅಷ್ಟೂ ವರ್ಷಗಳ ದುಡಿಮೆ ಕೈತಪ್ಪಿರುತ್ತದೆ. ಕಣ್ಣಿಗೆ ಕಾಣುವ ಲಕ್ಷಣಗಳಿಗಾಗಿ ಕಾಯದೆ, ಎಳೆಯ ಎಲೆಯ ಚೂರಿನಿಂದ ಅಥವಾ ಒಂದು ಕಾಳಿನಿಂದಲೇ ಸಸ್ಯದ ಗುರುತು ಹೇಳುವ ವಿಧಾನವೇ ಡಿಎನ್‌ಎ ಬೆರಳಚ್ಚು.

ಕಾರ್ಯವಿಧಾನ

ಬ್ರಿಟನ್ನಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರೀಸ್ 1984ರಲ್ಲಿ ಮಾನವ ಡಿಎನ್‌ಎ ಬೆರಳಚ್ಚಿನ ತಂತ್ರವನ್ನು ರೂಪಿಸಿದರು. ಅದರ ಮೂಲತತ್ವ ಸಸ್ಯಗಳಿಗೂ ಅನ್ವಯಿಸುತ್ತದೆ. ಡಿಎನ್‌ಎಯ ಕೆಲವು ಭಾಗಗಳಲ್ಲಿ ಎರಡು, ಮೂರು ಅಕ್ಷರಗಳ ಸಣ್ಣ ತುಣುಕೊಂದು ಮತ್ತೆ ಮತ್ತೆ ಆವರ್ತಿಸುತ್ತದೆ. ಆವರ್ತನೆಯ ಸಂಖ್ಯೆ ತಳಿಯಿಂದ ತಳಿಗೆ ಬೇರೆ. ಇಂತಹ ಭಾಗಗಳನ್ನು ಪಿಸಿಆರ್ ಯಂತ್ರದಲ್ಲಿ ಕೋಟ್ಯಂತರ ಪ್ರತಿಗಳಾಗಿ ಹೆಚ್ಚಿಸಿ ಅವುಗಳ ಉದ್ದವನ್ನು ಅಳೆಯಲಾಗುತ್ತದೆ. ಹಲವು ಭಾಗಗಳ ಅಳತೆಗಳನ್ನು ಒಟ್ಟಿಗೆ ಇಟ್ಟಾಗ ದೊರೆಯುವ ನಕ್ಷೆಯೇ ಆ ತಳಿಯ ಬೆರಳಚ್ಚು.

ತಳಿ ಪತ್ತೆ: ಬಾಸ್ಮತಿಯ ನಿದರ್ಶನ

ಅಸಲಿ ಬಾಸ್ಮತಿಗೆ ಅಗ್ಗದ ಉದ್ದಕಾಳಿನ ಅಕ್ಕಿ ಬೆರೆತರೆ ಕಣ್ಣಿನಿಂದ ಬೇರ್ಪಡಿಸುವುದು ಕಷ್ಟ. ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಬಾಸ್ಮತಿ ಎಂದು ಮಾರಾಟವಾಗುತ್ತಿದ್ದ ಹೆಚ್ಚುಕಡಿಮೆ ಅರ್ಧದಷ್ಟು ಮಾದರಿಗಳಲ್ಲಿ ಬೇರೆ ಅಕ್ಕಿ ಇರುವುದು ಡಿಎನ್‌ಎ ಪರೀಕ್ಷೆಯಿಂದ ಬಯಲಾಯಿತು. ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಮತ್ತು ರೋಗನಿರ್ಣಯ ಕೇಂದ್ರವೂ ಬಾಸ್ಮತಿಯ ಕಲಬೆರಕೆಯನ್ನು ಪತ್ತೆಹಚ್ಚುವ ಪರೀಕ್ಷೆಯನ್ನು ರೂಪಿಸಿತು. ಶುದ್ಧ ಬಾಸ್ಮತಿ ಬೆಳೆದವನಿಗೆ ನ್ಯಾಯವಾದ ಬೆಲೆ ದೊರೆಯಲು ಇಂತಹ ಪುರಾವೆ ನೆರವಾಗುತ್ತದೆ.

ರೋಗ ಪತ್ತೆ

ರೋಗಾಣುವಿಗೂ ತನ್ನದೇ ಆದ ಬೆರಳಚ್ಚು ಉಂಟು. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಸುಮಾರು 15,000 ಹೆಕ್ಟೇರ್ ಗೋಧಿ ಬೆಂಕಿರೋಗಕ್ಕೆ ತುತ್ತಾಯಿತು. ಅಲ್ಲಿನ ಭತ್ತವನ್ನು ಕಾಡುವ ಬೆಂಕಿರೋಗವೇ ಗೋಧಿಗೆ ಹಾರಿತೇ, ಇಲ್ಲವೇ ಹೊರಗಿನಿಂದ ಬಂದಿತೇ ಎಂಬುದು ಪ್ರಶ್ನೆಯಾಗಿತ್ತು. ಸೋಂಕಿತ ಎಲೆಗಳಲ್ಲಿದ್ದ ಶಿಲೀಂಧ್ರದ ವಂಶವಾಹಿ ಅನುಕ್ರಮವನ್ನು ಓದಿದಾಗ, ಅದು ದಕ್ಷಿಣ ಅಮೆರಿಕದ ಗೋಧಿ ಬೆಂಕಿರೋಗದ ವಂಶದ್ದೆಂದು ಸ್ಪಷ್ಟವಾಯಿತು. ರೋಗ ಗಡಿ ದಾಟದಂತೆ ಪಶ್ಚಿಮ ಬಂಗಾಳದ ಮುರ್ಶಿದಾಬಾದ್ ಮತ್ತು ನಾದಿಯಾ ಜಿಲ್ಲೆಗಳಲ್ಲಿ 2017ರಲ್ಲಿ ಗೋಧಿ ಬೆಳೆಗೆ ವಿರಾಮ ಘೋಷಿಸಲಾಯಿತು.

ಕರ್ನಾಟಕದ ಶೃಂಗೇರಿ, ಕೊಪ್ಪ ಭಾಗದ ತೋಟಗಳನ್ನು ದೀರ್ಘಕಾಲದಿಂದ ಕಾಡುತ್ತಿರುವ ಅಡಿಕೆಯ ಹಳದಿ ಎಲೆ ರೋಗದೊಡನೆ ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಜೀವಿಗೆ ಸಂಬಂಧವಿದೆ. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಿ ಗುರುತಿಸುವುದು ಸುಲಭಸಾಧ್ಯವಲ್ಲ. ಆದ್ದರಿಂದ ಅದರ ಡಿಎನ್‌ಎಯನ್ನು ಹುಡುಕುವ ಪಿಸಿಆರ್ ಪರೀಕ್ಷೆಯೇ ಇಲ್ಲಿ ಮುಖ್ಯ ಸಾಧನ. ಎಲೆ ಹಳದಿಯಾಗಲು ಪೋಷಕಾಂಶದ ಕೊರತೆಯೂ ಕಾರಣವಾಗಬಹುದಾದ್ದರಿಂದ ಈ ಭೇದ ತಿಳಿಯುವುದು ಅಗತ್ಯ.

ಅಂಗಾಂಶ ಕೃಷಿಯ ಬಾಳೆಯಲ್ಲಿ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಎಲೆಗಳು ಕಿರಿದಾಗಿ ತುದಿಯಲ್ಲಿ ಗೊಂಚಲಾಗುವ ‘ಬಂಚಿ ಟಾಪ್’ ರೋಗದ ವೈರಸ್ ತಾಯಿಗಿಡದಲ್ಲಿದ್ದರೆ ಸಾವಿರಾರು ಸಸಿಗಳಿಗೆ ಅದು ಸಾಗುತ್ತದೆ. ಈ ಕಾರಣದಿಂದ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ಪ್ರಮಾಣೀಕರಣ ವ್ಯವಸ್ಥೆಯನ್ನು ಜಾರಿಗೊಳಿಸಿತು. ಸಸಿಗಳು ವೈರಸ್‌ಮುಕ್ತವೇ, ತಳಿಶುದ್ಧವೇ ಎಂಬ ಎರಡನ್ನೂ ಇದರಡಿ ಪರೀಕ್ಷಿಸಲಾಗುತ್ತದೆ.

ಮಿತಿಗಳು

ಹೋಲಿಸಲು ಅಸಲಿ ತಳಿಯ ದಾಖಲೆ ಇಲ್ಲದಿದ್ದರೆ ಬೆರಳಚ್ಚು ನಿರುಪಯುಕ್ತ. ಫಲಿತಾಂಶ ಅನ್ವಯಿಸುವುದು ಪರೀಕ್ಷಿಸಿದ ಮಾದರಿಗೆ ಮಾತ್ರ. ಫೈಟೋಪ್ಲಾಸ್ಮಾ ಮರದ ಎಲ್ಲ ಭಾಗಗಳಲ್ಲಿ ಸಮಾನವಾಗಿ ಹರಡಿರುವುದಿಲ್ಲವಾದ್ದರಿಂದ, ಒಂದು ಎಲೆಯಲ್ಲಿ ಸಿಗಲಿಲ್ಲವೆಂದು ಮರ ನಿರೋಗಿ ಎನ್ನಲಾಗದು. ಪತ್ತೆಯೇ ಚಿಕಿತ್ಸೆಯೂ ಅಲ್ಲ. ಬಂಚಿ ಟಾಪ್ ತಗುಲಿದ ಬಾಳೆಯನ್ನು ಬುಡಸಮೇತ ಕಿತ್ತು ನಾಶಪಡಿಸಿ, ವೈರಸ್ ಹರಡುವ ಸಸ್ಯಹೇನನ್ನು ನಿಯಂತ್ರಿಸುವುದೇ ಮಾರ್ಗ.

ರೈತನಿಗೆ ಪ್ರಯೋಜನ

ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ, 2001ರ ಪ್ರಕಾರ ನೋಂದಾಯಿತ ತಳಿಯ ಬೀಜ ಹೇಳಿದಂತೆ ಫಲ ನೀಡದಿದ್ದರೆ ರೈತ ಪರಿಹಾರ ಕೇಳಬಹುದು. ಆದರೆ ಮಳೆಯ ಕೊರತೆಯೇ ಬೆಳೆ ಸೋಲಲು ಕಾರಣ ಎಂಬ ವಾದ ಎದುರಾದಾಗ ಬರಿಯ ಮಾತು ನಿಲ್ಲುವುದಿಲ್ಲ. ಖರೀದಿಯ ರಸೀದಿ, ಚೀಲದ ಚೀಟಿ ಮತ್ತು ಬಿತ್ತಿ ಉಳಿದ ಒಂದು ಹಿಡಿ ಬೀಜವನ್ನು ಕಟಾವಿನವರೆಗೆ ಜೋಪಾನವಾಗಿಟ್ಟುಕೊಂಡರೆ, ಅದು ಬೇರೆ ತಳಿಯೇ ಎಂಬುದನ್ನಾದರೂ ಪ್ರಯೋಗಾಲಯದಿಂದ ತಿಳಿಯಬಹುದು. ಬೀಜವೇ ಉಳಿಯದಿದ್ದಲ್ಲಿ ಚೀಲದಲ್ಲಿ ಏನಿತ್ತೆಂದು ಸಾಬೀತುಪಡಿಸುವುದು ಕಠಿಣ.