ಹಾಸ್ಪೀಸ್ ಆರಿಸುವಾಗ ಏನು ನೋಡಬೇಕು? ಕಟ್ಟಡವನ್ನಲ್ಲ, ನೋವು ಇಳಿಯಿತೇ ಎಂಬುದನ್ನು

‘ಇನ್ನು ಚಿಕಿತ್ಸೆ ಇಲ್ಲ, ಮನೆಗೆ ಕರ್ಕೊಂಡು ಹೋಗಿ’ ಎಂದು ಡಾಕ್ಟರ್ ಹೇಳಿದ ದಿನ ಮನೆಯವರಿಗೆ ಕಾಣುವುದು ಎರಡೇ ದಾರಿ. ಒಂದು, ಇನ್ನೊಂದು ದೊಡ್ಡ ಆಸ್ಪತ್ರೆ ಹುಡುಕುವುದು. ಇನ್ನೊಂದು, ಮನೆಗೆ ತಂದು ಮಲಗಿಸಿ ದುಆ ಮಾಡುತ್ತಾ ಕೂರುವುದು. ಇವೆರಡರ ನಡುವೆ ಮೂರನೆಯ ದಾರಿಯೊಂದು ಇದೆ ಅಂತ ಹೇಳುವವರು ಕಡಿಮೆ. ಅದೇ ಹಾಸ್ಪೀಸ್, ಅಂದರೆ ಗುಣವಾಗದ ರೋಗಿಯ ನೋವು, ಉಬ್ಬಸ, ವಾಂತಿ, ಹುಣ್ಣು, ಭಯ ಇವುಗಳನ್ನು ಕಡಿಮೆ ಮಾಡಿ, ಉಳಿದ ದಿನಗಳನ್ನು ನೆಮ್ಮದಿಯಿಂದ ಕಳೆಯುವಂತೆ ನೋಡಿಕೊಳ್ಳುವ ವ್ಯವಸ್ಥೆ. ರೋಗ ವಾಸಿಯಾಗದಿದ್ದರೂ ನೋವಿಗೆ ಚಿಕಿತ್ಸೆ ಇದ್ದೇ ಇದೆ.

ಹಾಸ್ಪೀಸ್ ಅಂದರೆ ವೃದ್ಧಾಶ್ರಮವಲ್ಲ, ದಯಾಮರಣವೂ ಅಲ್ಲ. ಸಾವನ್ನು ಬೇಗ ತರುವುದೂ ಅದರ ಕೆಲಸವಲ್ಲ, ಯಂತ್ರ ಹಾಕಿ ಎಳೆಯುವುದೂ ಅಲ್ಲ. ಈಗಿನ ಮಾದರಿಯ ಹಾಸ್ಪೀಸನ್ನು 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹೆಸರಿನಲ್ಲಿ ಆರಂಭಿಸಿದವರು ಡಾ. ಸಿಸಿಲಿ ಸಾಂಡರ್ಸ್. ಭಾರತದ ಮೊದಲ ಹಾಸ್ಪೀಸ್ 1986ರಲ್ಲಿ ಮುಂಬೈಯಲ್ಲಿ ಶುರುವಾದ ಶಾಂತಿ ಅವೇದನಾ ಸದನ. ಬೆಂಗಳೂರಿನಲ್ಲಿ ಇಂಡಿಯನ್ ಕ್ಯಾನ್ಸರ್ ಸೊಸೈಟಿಯ ಕರ್ನಾಟಕ ಶಾಖೆ ಮತ್ತು ಇಂದಿರಾನಗರ ರೋಟರಿ ಕ್ಲಬ್ ಸೇರಿ 1994ರಲ್ಲಿ ಬೆಂಗಳೂರು ಹಾಸ್ಪೀಸ್ ಟ್ರಸ್ಟ್ ಕಟ್ಟಿದವು. ಅದರ ‘ಕರುಣಾಶ್ರಯ’ 1999ರಿಂದ ಮಾರತಹಳ್ಳಿ ಬಳಿ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಜಾತಿ, ಧರ್ಮ ನೋಡದೆ ಉಚಿತವಾಗಿ ನೋಡಿಕೊಳ್ಳುತ್ತಿದೆ. ಕರಾವಳಿಯಲ್ಲಿ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಇದಕ್ಕೆಂದೇ ಪ್ಯಾಲಿಯೇಟಿವ್ ವಿಭಾಗವಿದೆ.

ಅಮೆರಿಕದಲ್ಲಿ ರೋಗಿ ತೀರಿಹೋದ ಬಳಿಕ ಮನೆಯವರಿಗೆ ಪ್ರಶ್ನಾವಳಿ ಕಳಿಸಿ, ಅವರ ಉತ್ತರದ ಮೇಲೆ ಹಾಸ್ಪೀಸ್‌ಗಳ ಗುಣಮಟ್ಟವನ್ನು ಸರ್ಕಾರವೇ ಪ್ರಕಟಿಸುತ್ತದೆ. ನಮ್ಮಲ್ಲಿ ಹಾಗೆ ಅಂಕಿ ನೋಡಿ ಆರಿಸುವ ಸೌಲಭ್ಯವಿಲ್ಲ. 2015ರಲ್ಲಿ ಎಕನಾಮಿಸ್ಟ್ ಇಂಟೆಲಿಜೆನ್ಸ್ ಯೂನಿಟ್ 80 ದೇಶಗಳ ಕೊನೆಗಾಲದ ಆರೈಕೆಯನ್ನು ತೂಗಿದಾಗ ಭಾರತ 67ನೇ ಸ್ಥಾನದಲ್ಲಿತ್ತು. ಆದ್ದರಿಂದ ಮನೆಯವರೇ ಪ್ರಶ್ನೆ ಕೇಳಿ, ತೂಗಿ ನೋಡಬೇಕು.

ಬೆಳುಗುಪ್ಪದಿಂದ ನೋಡಿದರೆ

ದೊಡ್ಡ ಊರಿನವರಿಗೆ ಆಯ್ಕೆಗಳಿವೆ. ಕಷ್ಟ ಇರುವುದು ಗಡಿಯ ಹಳ್ಳಿಗಳಲ್ಲಿ. ಆಂಧ್ರದ ಅನಂತಪುರ ಜಿಲ್ಲೆಯ ಬೆಳುಗುಪ್ಪವನ್ನೇ ತೆಗೆದುಕೊಳ್ಳಿ. ರಾಯದುರ್ಗ, ಮಡಕಶಿರಾ ಕಡೆಯಂತೆ ಇಲ್ಲೂ ಮನೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. 1953ರಲ್ಲಿ ಬಳ್ಳಾರಿ ಮೈಸೂರಿಗೆ ಸೇರಿದಾಗ ರಾಯದುರ್ಗ ತಾಲೂಕು ಆಂಧ್ರದಲ್ಲೇ ಉಳಿಯಿತು. ಸರ್ಕಾರಿ ಕಾಗದ ತೆಲುಗಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ಹತ್ತಿರದ ಪಟ್ಟಣ ಕಲ್ಯಾಣದುರ್ಗ. ದೊಡ್ಡ ಆಸ್ಪತ್ರೆ ಬೇಕೆಂದರೆ ಒಂದು ಕಡೆ ಅನಂತಪುರ, ಇನ್ನೊಂದು ಕಡೆ ಬಳ್ಳಾರಿ. ಕ್ಯಾನ್ಸರ್ ಅಂದರೆ ಬೆಂಗಳೂರಿನ ಕಿದ್ವಾಯಿ, ಅದು 200 ಕಿ.ಮೀ.ಗೂ ದೂರ.

ಇಂಥ ಊರಿನ ರೋಗಿಗೆ ಬೆಂಗಳೂರಿನ ಹಾಸ್ಪೀಸ್ ಎಷ್ಟೇ ಚೆನ್ನಾಗಿದ್ದರೂ ಎರಡು ಪ್ರಶ್ನೆ ಉಳಿಯುತ್ತವೆ: ಅಲ್ಲಿಗೆ ಹೋದರೆ ಮನೆಯವರು ಜೊತೆಗಿರಲು ಆಗುತ್ತಾ? ಮನೆಗೆ ವಾಪಸ್ ಬಂದರೆ ಔಷಧ ಸಿಗುತ್ತಾ? ಕೆಳಗಿನ ಅಳತೆಗೋಲುಗಳನ್ನು ಈ ಎರಡು ಪ್ರಶ್ನೆ ಇಟ್ಟುಕೊಂಡೇ ಓದಬೇಕು.

ಮೊದಲ ಅಳತೆ: ಮಾರ್ಫಿನ್ ಇದೆಯೇ?

ಕ್ಯಾನ್ಸರಿನ ಕಡು ನೋವಿಗೆ ಬಾಯಿಂದ ನುಂಗುವ ಮಾರ್ಫಿನ್ ಮಾತ್ರೆ ಮುಖ್ಯ ಔಷಧ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ನೋವಿಗೆ ಹಂತ ಹಂತವಾಗಿ ಔಷಧ ಕೊಡುವ ಕ್ರಮ ಹೇಳಿದೆ, ಅದರ ಮೇಲಿನ ಹಂತದಲ್ಲಿ ಮಾರ್ಫಿನ್ ಇದೆ. ಆದರೆ 1985ರ ಮಾದಕ ವಸ್ತು ಕಾಯ್ದೆಯ ಬಿಗಿಯಿಂದಾಗಿ ಆಸ್ಪತ್ರೆಗಳು ಇದನ್ನು ಇಟ್ಟುಕೊಳ್ಳಲು ಹೆದರುತ್ತಿದ್ದವು. 2014ರಲ್ಲಿ ಕಾಯ್ದೆಗೆ ತಿದ್ದುಪಡಿಯಾಯಿತು. ಈಗ ರಾಜ್ಯದ ಔಷಧ ನಿಯಂತ್ರಕರಿಂದ ‘ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ’ ಎಂಬ ಒಂದೇ ಅನುಮತಿ ಪಡೆದರೆ ಸಾಕು.

ಆದ್ದರಿಂದ ಮೊದಲ ಪ್ರಶ್ನೆ ನೇರವಾಗಿರಲಿ: ‘ನಿಮ್ಮಲ್ಲಿ ಮಾರ್ಫಿನ್ ಮಾತ್ರೆ ಯಾವಾಗಲೂ ಇರುತ್ತಾ?’ ಇಲ್ಲ ಎಂದರೆ, ಕಟ್ಟಡಕ್ಕೆ ಎಷ್ಟೇ ಟೈಲ್ಸ್ ಹಾಕಿದ್ದರೂ ಅದು ಹಾಸ್ಪೀಸ್ ಅನ್ನುವುದು ಕಷ್ಟ. ಭಾರತದ ತಜ್ಞರೇ ಸೇರಿ ಮಾಡಿದ ಕನಿಷ್ಠ ಗುಣಮಟ್ಟದ ಪಟ್ಟಿಯಲ್ಲೂ ಮಾರ್ಫಿನ್ ನಿರಂತರವಾಗಿ ಸಿಗುವುದು, ತರಬೇತಿ ಪಡೆದ ಡಾಕ್ಟರ್ ಮತ್ತು ನರ್ಸ್ ಇರುವುದು, ನೋವನ್ನು ಬರೆದಿಡುವುದು ಕಡ್ಡಾಯದ ಸಾಲಿನಲ್ಲಿವೆ.

ಎರಡನೆಯ ಪ್ರಶ್ನೆ: ‘ನೋವನ್ನು ಹೇಗೆ ಅಳೆಯುತ್ತೀರಿ?’ ಒಳ್ಳೆಯ ಕಡೆ ರೋಗಿಯನ್ನೇ ಕೇಳುತ್ತಾರೆ, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಅಂತ. ಅದನ್ನು ಚಾರ್ಟಿನಲ್ಲಿ ಬರೆಯುತ್ತಾರೆ. ನೋವು ಬಂದ ಮೇಲೆ ಕೊಡುವುದಲ್ಲ, ಬರುವ ಮುಂಚೆಯೇ ಗಡಿಯಾರ ನೋಡಿ ಕೊಡುತ್ತಾರೆ. ಸಾಮಾನ್ಯ ಮಾರ್ಫಿನ್ ಮಾತ್ರೆಯಾದರೆ ನಾಲ್ಕು ಗಂಟೆಗೊಮ್ಮೆ. ನಡುವೆ ನೋವು ಎದ್ದರೆ ಹೆಚ್ಚುವರಿ ಡೋಸ್ ಎಷ್ಟು ಅಂತಲೂ ಬರೆದಿರುತ್ತಾರೆ. ಜೊತೆಗೆ ಮಲಬದ್ಧತೆ ಆಗದಂತೆ ಔಷಧ ಕೊಡುತ್ತಾರೆ. ಮಾರ್ಫಿನ್ ಕೊಟ್ಟು ಮಲ ಸಡಿಲಿಸುವ ಔಷಧ ಮರೆತಿದ್ದರೆ, ಅಲ್ಲಿ ತರಬೇತಿ ಸಾಲದು ಅಂತ ತಿಳಿಯಬಹುದು.

‘ಮಾರ್ಫಿನ್ ಕೊಟ್ಟರೆ ಚಟ ಹಿಡಿಯುತ್ತೆ, ಬೇಗ ಸಾಯ್ತಾರೆ’ ಎಂಬ ಹೆದರಿಕೆ ಬಹಳ ಮನೆಗಳಲ್ಲಿದೆ. ಸಣ್ಣ ಡೋಸಿನಿಂದ ಶುರು ಮಾಡಿ, ನೋವಿಗೆ ತಕ್ಕಂತೆ ಡಾಕ್ಟರ್ ಏರಿಸುತ್ತಾ ಹೋದರೆ ಕ್ಯಾನ್ಸರ್ ರೋಗಿಗಳಲ್ಲಿ ಚಟವಾಗುವುದು ಅಪರೂಪ. ಸಾವನ್ನು ಬೇಗ ತರುವುದಕ್ಕೂ ಇದನ್ನು ಕೊಡುವುದಿಲ್ಲ. ನೋವು ಇಳಿದ ಮೇಲೆ ನಿದ್ದೆ ಬರುತ್ತದೆ, ನಾಲ್ಕು ತುತ್ತು ಊಟ ಸೇರುತ್ತದೆ, ಮಾತು ಬರುತ್ತದೆ. ಧಾರ್ಮಿಕ ಸಂಶಯವಿದ್ದರೆ ಊರಿನ ಉಸ್ತಾದರನ್ನೂ ಡಾಕ್ಟರನ್ನೂ ಒಟ್ಟಿಗೆ ಕೂರಿಸಿ ಕೇಳುವುದು ಒಳ್ಳೆಯದು. ಅರ್ಧ ಕೇಳಿದ ಮಾತಿನಿಂದ ರೋಗಿ ನರಳಬಾರದು.

ಬೆಳುಗುಪ್ಪದಂಥ ಊರಿನವರು ಇನ್ನೊಂದು ಪ್ರಶ್ನೆ ಬಿಡಬಾರದು. ಊರಿನ ಮೆಡಿಕಲ್ ಶಾಪಿನಲ್ಲಿ ಈ ಮಾತ್ರೆ ಸಿಗುತ್ತದೆ ಅಂತ ನಂಬಿ ಹೊರಡುವಂತಿಲ್ಲ. ‘ಎಷ್ಟು ದಿನದ ಮಾತ್ರೆ ಕೊಡುತ್ತೀರಿ? ಮುಗಿದ ಮೇಲೆ ರೋಗಿಯೇ ಬರಬೇಕೇ, ಮಗ ಬಂದರೆ ಕೊಡುತ್ತೀರಾ? ಅನಂತಪುರ ಅಥವಾ ಬಳ್ಳಾರಿಯಲ್ಲಿ ಯಾರ ಹತ್ತಿರ ಸಿಗುತ್ತೆ, ಅವರಿಗೆ ಚೀಟಿ ಬರೆದು ಕೊಡುತ್ತೀರಾ?’ ಇದಕ್ಕೆ ಸರಿಯಾದ ಉತ್ತರ ಸಿಗದೆ ಡಿಸ್ಚಾರ್ಜ್ ಆಗಬೇಡಿ.

ಎರಡನೆಯ ಅಳತೆ: ರಾತ್ರಿ ಯಾರಿರುತ್ತಾರೆ?

ಹಗಲು ಹತ್ತು ಗಂಟೆಗೆ ಎಲ್ಲ ಕಡೆಯೂ ಡಾಕ್ಟರ್ ಇರುತ್ತಾರೆ. ಕಷ್ಟ ಶುರುವಾಗುವುದು ರಾತ್ರಿ ಎರಡು ಗಂಟೆಗೆ. ಆಗ ಡ್ಯೂಟಿಯಲ್ಲಿರುವವರು ನೋಂದಾಯಿತ ನರ್ಸೋ, ಬರೀ ಆಯಾಗಳೋ? ಔಷಧ ಬದಲಿಸಬೇಕಾದರೆ ಯಾರಿಗೆ ಫೋನ್ ಮಾಡುತ್ತಾರೆ? ಮನೆಯಲ್ಲಿರುವ ರೋಗಿಯ ಕಡೆಯವರು ಕರೆ ಮಾಡಿದರೆ ಎತ್ತುವವರು ಇದ್ದಾರೆಯೇ? ಸೇರಿಸುವ ಮುಂಚೆ ಒಮ್ಮೆ ಆ ನಂಬರಿಗೆ ರಾತ್ರಿ ಕರೆ ಮಾಡಿ ನೋಡಿದರೆ ತಪ್ಪೇನಿಲ್ಲ.

ಸಾಧ್ಯವಾದರೆ ಹೇಳದೆ ಒಂದು ಸಂಜೆ ಹೋಗಿ ನೋಡಿ. ಮೂಗೇ ಅರ್ಧ ಉತ್ತರ ಹೇಳುತ್ತದೆ. ಕೊಳೆತ ಹುಣ್ಣಿನ ವಾಸನೆಯನ್ನೂ ಔಷಧ ಮತ್ತು ಡ್ರೆಸ್ಸಿಂಗ್‌ನಿಂದ ಕಡಿಮೆ ಮಾಡಬಹುದು, ಹಾಗಾಗಿ ‘ಇದೆಲ್ಲ ಮಾಮೂಲು’ ಎನ್ನುವ ಉತ್ತರ ಒಪ್ಪಬೇಕಾಗಿಲ್ಲ. ರೋಗಿಗಳ ತುಟಿ, ಬಾಯಿ ಒಣಗಿ ಬಿರಿದಿದೆಯೇ? ಮಲಗಿದವರ ಮಗ್ಗುಲನ್ನು ಹೊತ್ತುಹೊತ್ತಿಗೆ ಬದಲಿಸುತ್ತಾರೆಯೇ? ಹಾಸಿಗೆ ಹುಣ್ಣು ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತಾರೆ. ಬಟ್ಟೆ ಬದಲಿಸುವಾಗ ಪರದೆ ಎಳೆಯುತ್ತಾರೆಯೇ? ರೋಗಿಯನ್ನು ಹೆಸರು ಹಿಡಿದು ಕರೆಯುತ್ತಾರೋ, ಬೆಡ್ ನಂಬರ್ ಹೇಳುತ್ತಾರೋ?

ಮೂರನೆಯ ಅಳತೆ: ರೋಗಿಯ ಭಾಷೆ, ರೋಗಿಯ ನಂಬಿಕೆ

ನೋವನ್ನು ಪರಭಾಷೆಯಲ್ಲಿ ಹೇಳುವುದು ಸುಲಭವಲ್ಲ. ‘ಸೆಳೆತ’, ‘ಉರಿ’, ‘ಚುಚ್ಚು’ ಇವೆಲ್ಲ ಬೇರೆ ಬೇರೆ ನೋವು, ಔಷಧವೂ ಬೇರೆ. ನರದ ಉರಿ ನೋವಿಗೆ ಮಾರ್ಫಿನ್ ಜೊತೆ ಬೇರೆ ಮಾತ್ರೆ ಸೇರಿಸಬೇಕಾಗುತ್ತದೆ. ಬೆಳುಗುಪ್ಪದ ಕನ್ನಡದ ಅಜ್ಜಿ ತೆಲುಗು ಮಾತ್ರ ಬಲ್ಲ ನರ್ಸಿಗೆ, ಅಥವಾ ಬ್ಯಾರಿ ಮಾತ್ರ ಬಲ್ಲ ಉಮ್ಮ ಬೆಂಗಳೂರಿನ ನರ್ಸಿಗೆ ಇದನ್ನು ಹೇಗೆ ಹೇಳಬೇಕು? ವಯಸ್ಸಾದವರು ಸುಸ್ತಾದಾಗ ಮನೆಯ ಭಾಷೆಗೇ ವಾಪಸ್ ಬರುತ್ತಾರೆ. ಆ ಭಾಷೆ ಗೊತ್ತಿರುವವರು ಇದ್ದಾರೆಯೇ ಕೇಳಿ. ಇಲ್ಲದಿದ್ದರೆ ಹತ್ತಿಪ್ಪತ್ತು ಮುಖ್ಯ ಪದಗಳನ್ನು ಬರೆದು ಹಾಸಿಗೆಯ ಪಕ್ಕ ಅಂಟಿಸಿ, ಮನೆಯ ಒಬ್ಬರು ಜೊತೆಗಿರಲು ಅನುಮತಿ ಪಡೆಯಿರಿ.

ನಂಬಿಕೆಯ ವಿಷಯವೂ ಗುಣಮಟ್ಟದ ಭಾಗವೇ. ಮಲಗಿದಲ್ಲೇ ನಮಾಝ್‌ಗೆ ನೆರವು, ಹಾಸಿಗೆಯನ್ನು ಕಿಬ್ಲಾ ಕಡೆಗೆ ತಿರುಗಿಸಿಕೊಡುವುದು, ಹೆಂಗಸರಿಗೆ ಮಹಿಳಾ ನರ್ಸ್, ಹಲಾಲ್ ಊಟ ಅಥವಾ ಮನೆಯಿಂದ ತರಲು ಅನುಮತಿ, ಕೊನೆಯ ಗಳಿಗೆಯಲ್ಲಿ ಮನೆಯವರು ಪಕ್ಕದಲ್ಲಿದ್ದು ಕಲಿಮ ಹೇಳಿಕೊಡಲು ಅವಕಾಶ, ಮಯ್ಯತ್ ಬೇಗ ಬಿಟ್ಟುಕೊಡುವುದು. ಇದನ್ನೆಲ್ಲ ಮೊದಲ ದಿನವೇ ಕೇಳಬೇಕು. ಒಳ್ಳೆಯ ಹಾಸ್ಪೀಸ್ ಇದಕ್ಕೆ ಮುಖ ಸಿಂಡರಿಸುವುದಿಲ್ಲ, ತಾನಾಗಿಯೇ ಕೇಳುತ್ತದೆ.

ನಾಲ್ಕನೆಯ ಅಳತೆ: ಹಣ ಮತ್ತು ಕಾಗದ

ಉಚಿತವೇ? ಅಲ್ಲವಾದರೆ ದಿನಕ್ಕೆ ಎಷ್ಟು, ಅದರಲ್ಲಿ ಔಷಧ, ಡೈಪರ್, ಆಮ್ಲಜನಕ ಸೇರಿದೆಯೇ? ಬರೆದು ಕೊಡಲು ಹೇಳಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ. ಖಾಸಗಿ ಆಸ್ಪತ್ರೆ ಕರ್ನಾಟಕದಲ್ಲಿ 2007ರ ಕೆಪಿಎಂಇ ಕಾಯ್ದೆಯಡಿ, ಆಂಧ್ರದಲ್ಲಿ 2002ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಿರಬೇಕು. ಆ ಸರ್ಟಿಫಿಕೇಟ್ ತೋರಿಸಲು ಕೇಳುವುದು ಅವಮಾನವಲ್ಲ.

ಸಾವಿನ ನೋಂದಣಿ 21 ದಿನದೊಳಗೆ ಆಗಬೇಕು, ಅದೂ ಸಾವು ಸಂಭವಿಸಿದ ಊರಿನಲ್ಲಿ. ಬೆಂಗಳೂರಿನಲ್ಲಿ ತೀರಿಕೊಂಡರೆ ಬೆಂಗಳೂರಿನಲ್ಲಿ, ಬೆಳುಗುಪ್ಪದ ಮನೆಯಲ್ಲಿ ತೀರಿಕೊಂಡರೆ ಅಲ್ಲಿ. ಸಾವಿನ ಕಾರಣದ ಪತ್ರ ಯಾರು ಕೊಡುತ್ತಾರೆ, ರಾಜ್ಯ ದಾಟಿ ಮಯ್ಯತ್ ತರಲು ಆಂಬ್ಯುಲೆನ್ಸ್ ವ್ಯವಸ್ಥೆ ಹೇಗೆ ಎಂಬುದನ್ನು ಮುಂಚೆಯೇ ತಿಳಿದುಕೊಂಡರೆ ಆ ದಿನ ಓಡಾಟ ತಪ್ಪುತ್ತದೆ.

ಕೊನೆಯ ಹಂತದಲ್ಲಿ ವೆಂಟಿಲೇಟರ್ ಬೇಕೇ ಬೇಡವೇ ಎಂಬ ಪ್ರಶ್ನೆಗೂ ಈಗ ಕಾನೂನಿನ ದಾರಿಯಿದೆ. ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರ ತೀರ್ಪಿನಲ್ಲಿ ಮುಂಗಡ ವೈದ್ಯಕೀಯ ಸೂಚನೆಯನ್ನು ಒಪ್ಪಿತು, 2023ರ ಜನವರಿಯಲ್ಲಿ ವಿಧಾನ ಸರಳಗೊಳಿಸಿತು. ಕರ್ನಾಟಕ 2025ರ ಜನವರಿಯಲ್ಲಿ ಇದರ ಬಗ್ಗೆ ಆದೇಶ ಹೊರಡಿಸಿದೆ. ರೋಗಿ ಮಾತಾಡುವ ಸ್ಥಿತಿಯಲ್ಲಿರುವಾಗಲೇ ಮನೆಯವರು, ಡಾಕ್ಟರ್, ಉಸ್ತಾದರು ಕೂತು ಮಾತಾಡಿಕೊಳ್ಳುವುದು ಲೇಸು.

ಐದನೆಯ ಅಳತೆ: ಮನೆಗೆ ಬರುತ್ತಾರೆಯೇ?

ಹೆಚ್ಚಿನವರಿಗೆ ಕೊನೆಯ ದಿನಗಳನ್ನು ಸ್ವಂತ ಮನೆಯಲ್ಲಿ ಕಳೆಯುವ ಆಸೆ. ಹಾಗಾಗಿ ಮನೆಭೇಟಿಯ ತಂಡ ಇರುವ ಸಂಸ್ಥೆಗೆ ಹೆಚ್ಚು ಅಂಕ. ಇದರಲ್ಲಿ ಪಾಠ ಕಲಿಯಬೇಕಾದದ್ದು ಪಕ್ಕದ ಕೇರಳದಿಂದ. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಡಾ. ಎಂ.ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮತ್ತು ಸಂಗಡಿಗರು ಪೈನ್ ಆ್ಯಂಡ್ ಪ್ಯಾಲಿಯೇಟಿವ್ ಕೇರ್ ಸೊಸೈಟಿ ಶುರು ಮಾಡಿದರು. ಬಳಿಕ ಮಲಪ್ಪುರಂನಲ್ಲಿ ಊರಿನವರೇ ತರಬೇತಿ ಪಡೆದು, ವಾರಕ್ಕೆ ಕೆಲವು ಗಂಟೆ ಮೀಸಲಿಟ್ಟು ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಕೇರಳ ಸರ್ಕಾರ ಪ್ಯಾಲಿಯೇಟಿವ್ ನೀತಿಯನ್ನೇ ತಂದಿತು. ಕಾಸರಗೋಡಿನಲ್ಲೂ ಪಂಚಾಯತ್ ಮೂಲಕ ನರ್ಸ್ ಮನೆಗೆ ಬರುತ್ತಾರೆ.

ಕರ್ನಾಟಕ, ಆಂಧ್ರದ ಹಳ್ಳಿಗಳಲ್ಲಿ ಅಷ್ಟು ದಟ್ಟ ಜಾಲವಿಲ್ಲ. ಆದರೆ ಕೇಂದ್ರದ ಪ್ಯಾಲಿಯೇಟಿವ್ ಕಾರ್ಯಕ್ರಮ 2012ರಿಂದ ಇದೆ, ಆಯುಷ್ಮಾನ್ ಆರೋಗ್ಯ ಮಂದಿರಗಳ ಸೇವೆಗಳ ಪಟ್ಟಿಯಲ್ಲೂ ಇದು ಸೇರಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರನ್ನೂ ಆಶಾ ಕಾರ್ಯಕರ್ತೆಯನ್ನೂ ಕೇಳಿ, ಲಿಖಿತವಾಗಿ ಕೇಳಿ. ಬೆಂಗಳೂರಿನ ಹಾಸ್ಪೀಸಿನಲ್ಲಿ ಹತ್ತು ದಿನ ಇದ್ದು ನೋವು ಹತೋಟಿಗೆ ತಂದುಕೊಂಡು, ಹುಣ್ಣು ತೊಳೆಯುವುದು, ಟ್ಯೂಬಿನಲ್ಲಿ ಆಹಾರ ಕೊಡುವುದು ಕಲಿತುಕೊಂಡು ಊರಿಗೆ ಮರಳುವುದು ದೂರದವರಿಗೆ ಹೊಂದುವ ದಾರಿ. ಮನೆಯವರಿಗೆ ಇದನ್ನು ಕೈಹಿಡಿದು ಕಲಿಸುವ ಸಂಸ್ಥೆಯೇ ಒಳ್ಳೆಯ ಸಂಸ್ಥೆ.

ಎಲ್ಲಿ ಎಚ್ಚರ ಬೇಕು?

ಗುಣ ಮಾಡುತ್ತೇವೆಂದು ಮಾತು ಕೊಡುವವರು, ಒಟ್ಟಿಗೆ ದೊಡ್ಡ ಮುಂಗಡ ಕೇಳುವವರು, ಚಾರ್ಟ್ ತೋರಿಸದವರು, ಮನೆಯವರನ್ನು ಒಳಗೆ ಬಿಡದವರು, ಎಲ್ಲರನ್ನೂ ಮಂಪರಿನಲ್ಲೇ ಮಲಗಿಸುವವರು, ರೋಗಿಗೆ ಉಪಯೋಗವಿಲ್ಲದ ಸ್ಕ್ಯಾನ್, ರಕ್ತಪರೀಕ್ಷೆ ಮಾಡಿಸುತ್ತಲೇ ಇರುವವರು. ಇವರಿಂದ ದೂರ ಇರಿ.

ಗಲ್ಫ್‌ನಲ್ಲಿರುವ ಮಕ್ಕಳಿಗೂ ಒಂದು ಮಾತು. ದುಡ್ಡು ಕಳಿಸಿದರೆ ಕೆಲಸ ಮುಗಿಯುವುದಿಲ್ಲ. ಊರಿನಲ್ಲಿ ತೀರ್ಮಾನ ತೆಗೆದುಕೊಳ್ಳುವ ಒಬ್ಬರನ್ನು ಗೊತ್ತುಮಾಡಿ, ಡಾಕ್ಟರ್ ಅವರ ಜೊತೆ ಮಾತ್ರ ಮಾತಾಡಲಿ. ದಿನಕ್ಕೊಬ್ಬರು ಫೋನ್ ಮಾಡಿ ‘ಐಸಿಯುಗೆ ಹಾಕಿ’ ಎಂದರೆ ನರಳುವುದು ಉಪ್ಪ, ಉಮ್ಮ.

ಸೇರಿಸಿದ ಮೇಲೂ ಮೂರು ದಿನ ಬಿಟ್ಟು ಲೆಕ್ಕ ನೋಡಿ. ನೋವಿನ ಅಂಕ ಇಳಿದಿದೆಯೇ? ರಾತ್ರಿ ನಿದ್ದೆ ಬಂತೇ? ಕೇಳಿದ ಪ್ರಶ್ನೆಗೆ ಯಾರಾದರೂ ಕೂತು ಉತ್ತರ ಕೊಟ್ಟರೇ? ಮನೆಯವರಿಗೆ ಸ್ವಲ್ಪ ಉಸಿರಾಡಲು ಆಯಿತೇ? ನಾಲ್ಕಕ್ಕೂ ‘ಹೌದು’ ಎಂದರೆ ಅಲ್ಲೇ ಇರಲಿ. ಮೊದಲನೆಯದಕ್ಕೇ ‘ಇಲ್ಲ’ ಎಂದರೆ ಡಾಕ್ಟರನ್ನು ಕೇಳಿ, ಸರಿಹೋಗದಿದ್ದರೆ ಬೇರೆ ಕಡೆ ನೋಡಿ.

ಜಮಾಅತ್‌ಗಳು, ಯುವಕರ ಸಂಘಗಳು ಇದರಲ್ಲಿ ಮಾಡಬಹುದಾದ ಕೆಲಸ ದೊಡ್ಡದು. ಬಾಡಿಗೆಯಿಲ್ಲದೆ ಕೊಡಲು ಒಂದು ಆಸ್ಪತ್ರೆ ಮಂಚ, ಗಾಳಿ ಹಾಸಿಗೆ, ವೀಲ್‌ಚೇರ್. ಹುಣ್ಣು ತೊಳೆಯಲು ಕಲಿತ ನಾಲ್ಕು ಜನ ಹುಡುಗರು, ನಾಲ್ಕು ಜನ ಹುಡುಗಿಯರು. ಮಾರ್ಫಿನ್ ಎಲ್ಲಿ ಸಿಗುತ್ತದೆ ಎಂದು ಬರೆದ ಒಂದು ಚೀಟಿ. ರೋಗಿಯ ಭೇಟಿ ಪುಣ್ಯದ ಕೆಲಸ ಅಂತ ಎಲ್ಲರಿಗೂ ಗೊತ್ತು. ಹೋದವರು ಹಣ್ಣಿನ ಜೊತೆ ಈ ಚೀಟಿಯನ್ನೂ ಕೊಟ್ಟು ಬಂದರೆ ಆ ಮನೆಗೆ ಹೆಚ್ಚು ಉಪಕಾರ.