ಹಗೇವಿನಿಂದ ಹೈಡ್ರೋಜನ್‌ವರೆಗೆ: ನೆಲದಡಿಯ ಉಳಿತಾಯದ ಕಥೆ

1/6
ಫ್ರೆಂಡ್ಸ್, ಆನಗೋಡಿಂದ ಚಿತ್ರದುರ್ಗದ ಕಡೆ ಬಸ್ಸಲ್ಲಿ ಹೋಗುವಾಗ ಗುಡ್ಡದ ಮೇಲಿನ ಗಾಳಿಯಂತ್ರ ನೋಡಿರ್ತೀರಿ. ಮಳೆಗಾಲದಲ್ಲಿ ಅವು ಗಿರಗಿರ ತಿರುಗುತ್ತವೆ. ಆದ್ರೆ ಮಳೆ ಚೆನ್ನಾಗಿ ಬಿದ್ದ ವರ್ಷ ಆಗ ಪಂಪ್‌ಸೆಟ್ಟಿಗೆ ಕರೆಂಟು ಅಷ್ಟಾಗಿ ಬೇಕಿರಲ್ಲ. ಬೇಕಾಗೋದು ಮಾರ್ಚ್, ಏಪ್ರಿಲ್‌ನಲ್ಲಿ, ತೋಟ ಒಣಗುವಾಗ. ಆಷಾಢದ ಗಾಳಿಯನ್ನ ಬೇಸಿಗೆವರೆಗೆ ಕೂಡಿಡೋದು ಹೇಗೆ? ಇದು ಹೊಸ ಪ್ರಶ್ನೆ ಅನ್ಸುತ್ತೆ, ಆದ್ರೆ ನಮ್ಮ ಸೀಮೆಯವರು ಇದನ್ನ ಜೋಳದ ವಿಷಯದಲ್ಲಿ ಯಾವತ್ತೋ ಬಗೆಹರಿಸಿದ್ರು. ಸ್ವೈಪ್ ಮಾಡಿ.

2/6
ಅದರ ಹೆಸರು ಹಗೇವು. ಮನೆ ಮುಂದೆಯೋ ಊರ ಬಯಲಲ್ಲೋ ಗಟ್ಟಿ ನೆಲ ನೋಡಿ ಆಳವಾದ ಗುಂಡಿ ತೋಡೋರು. ಬಾಯಿ ಕಿರಿದು, ಹೊಟ್ಟೆ ಅಗಲ. ಒಳಗೆ ಸುತ್ತಲೂ ಹುಲ್ಲು, ನಡುವೆ ಜೋಳ, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತೋರು. ಕಾಳು ಕೂಡ ಉಸಿರಾಡುತ್ತೆ. ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತೆ, ಹುಳ ಬದುಕಲ್ಲ. ಹಾಗಾಗಿ ಸುಗ್ಗಿಯ ಜೋಳ ಬರಗಾಲಕ್ಕೂ ಒದಗ್ತಿತ್ತು.

ಅದೇ ಗಾಳಿ ಮನುಷ್ಯನನ್ನೂ ಕೊಲ್ಲುತ್ತೆ. ಬಾಯಿ ತೆಗೆದ ಕೂಡಲೇ ಇಳಿದವರು ಮೇಲೆ ಬರದೇ ಇದ್ದದ್ದುಂಟು. ಅದಕ್ಕೇ ಹಿರಿಯರು ಗಾಳಿಯಾಡೋಕೆ ಬಿಟ್ಟು, ದೀಪ ಇಳಿಸಿ ನೋಡೋರು. ದೀಪ ಆರಿದ್ರೆ ಯಾರೂ ಇಳಿಯೋ ಹಾಗಿಲ್ಲ.

3/6
ಕರೆಂಟಿನ ಕಾಲ ಬಂತು. ನಮ್ಮ ರಾಜ್ಯದ ದೊಡ್ಡ "ಹಗೇವು" ಅಂದ್ರೆ ಶರಾವತಿ. 1948ರಲ್ಲಿ ಜೋಗದ ವಿದ್ಯುದಾಗಾರ ಶುರುವಾಯ್ತು, 120 ಮೆಗಾವಾಟ್. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗೀತು, ಸುಮಾರು 151 ಟಿಎಂಸಿ ನೀರು. ಮಳೆಗಾಲದ ನೀರು ಹಿಡಿದಿಟ್ಟು ಬೇಸಿಗೆಗೆ ಕರೆಂಟು ಮಾಡೋದು. ನಮ್ಮ ದೀಪ ಉರೀತು, ಅಲ್ಲಿ ಊರೂರೇ ಮುಳುಗಿದ್ವು. ಮುಳುಗಡೆಯವರ ಭೂಮಿಯ ಹಕ್ಕಿನ ಜಗಳ ಇನ್ನೂ ಮುಗಿದಿಲ್ಲ.

ಮಳೆಯೇ ಕೈಕೊಟ್ರೆ? 2023 ನೆನಪಿದೆಯಾ? ಜಲಾಶಯ ತುಂಬಲಿಲ್ಲ. ಬೆಳೆ ಉಳಿಸೋಕೆ ಮಳೆಗಾಲ ಮುಗಿಯೋ ಹೊತ್ತಿಗೇ ಎಲ್ರೂ ಬೋರ್ ಹಾಕಿದ್ರು, ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ತ್ರೀ ಫೇಸ್ ಕರೆಂಟಿಗಾಗಿ ರೈತರು ಬೀದಿಗಿಳಿದ್ರು. ಒಂದೇ ಉಗ್ರಾಣ ನಂಬಿದ್ರೆ ಹೀಗೇ.

4/6
ಇಲ್ಲಿಗೆ ಹೈಡ್ರೋಜನ್ ಬರುತ್ತೆ. ಹೆಚ್ಚಾದ ಕರೆಂಟಿನಿಂದ ನೀರನ್ನ ಒಡೆದು ಹೈಡ್ರೋಜನ್ ತೆಗೆದು, ನೆಲದಡಿ ಒತ್ತಿಟ್ಟು, ಬೇಕಾದಾಗ ಮತ್ತೆ ಕರೆಂಟು ಮಾಡೋದು. ಕನಸಲ್ಲ ಇದು. ಇಂಗ್ಲೆಂಡಿನ ಟೀಸೈಡ್‌ನಲ್ಲಿ 1972ರಿಂದ ಉಪ್ಪಿನ ಪದರದೊಳಗಿನ ಗುಹೆಗಳಲ್ಲಿ ಹೈಡ್ರೋಜನ್ ಇಟ್ಟಿದ್ದಾರೆ, ಕಾರ್ಖಾನೆಗಳ ಬಳಕೆಗೆ. ಅಮೆರಿಕದ ಟೆಕ್ಸಾಸ್‌ನಲ್ಲೂ 1980ರ ದಶಕದಿಂದ ಇದೆ. ಆಗಿನ ಚೆಕೊಸ್ಲೊವಾಕಿಯಾದ ಲೊಬೊಡಿಟ್ಸೆಯಲ್ಲಿ ಸುಮಾರು ಅರ್ಧ ಹೈಡ್ರೋಜನ್ ಇದ್ದ ಅನಿಲವನ್ನ ನೆಲದಡಿಯ ನೀರಿನ ಪದರದಲ್ಲಿ ಇಟ್ರು. ಅಲ್ಲಿನ ಸೂಕ್ಷ್ಮಜೀವಿಗಳು ಒಂದಷ್ಟು ಹೈಡ್ರೋಜನ್ ತಿಂದು ಮೀಥೇನ್ ಮಾಡಿಬಿಟ್ವು! ಹಗೇವಿಗೆ ಹುಳ ಬಿದ್ದ ಹಾಗೆ.

ಲೆಕ್ಕಾನೂ ನೋಡಿ. ಒಂದು ಕೆಜಿ ಹೈಡ್ರೋಜನ್ ಮಾಡೋಕೆ ಸುಮಾರು 50ರಿಂದ 55 ಯೂನಿಟ್ ಬೇಕು. ಅದರಿಂದ ವಾಪಸ್ ಸಿಗೋದು 16ರಿಂದ 20. ಮೂರು ಚೀಲ ಹಾಕಿದ್ರೆ ಒಂದೇ ಚೀಲ ಕೈಗೆ.

5/6
ಮತ್ತೆ ಯಾಕೆ ಬೇಕು ಅಂತೀರಾ? ಬ್ಯಾಟರಿ ಗಂಟೆಗಳ ಲೆಕ್ಕ, ಇದು ತಿಂಗಳುಗಳ ಲೆಕ್ಕ. ಆದ್ರೆ ನಮ್ಮ ಕಾಲಡಿ ಇರೋದು ಉಪ್ಪಲ್ಲ, ಕೋಟ್ಯಂತರ ವರ್ಷ ಹಳೆಯ ಗಟ್ಟಿ ಬಂಡೆ. ಬಂಡೆಯಲ್ಲೂ ಆಗುತ್ತೆ ಅನ್ನೋಕೆ ಕರ್ನಾಟಕದಲ್ಲೇ ಸಾಕ್ಷಿ ಇದೆ. ಮಂಗಳೂರಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಇಡೋಕೆ ಬಂಡೆ ಕೊರೆದ ಗುಹೆಗಳಿವೆ. ಸುತ್ತಲಿನ ಅಂತರ್ಜಲದ ಒತ್ತಡವೇ ತೈಲ ಸೋರದ ಹಾಗೆ ತಡೆಯುತ್ತೆ.

ಹೈಡ್ರೋಜನ್ ಅಷ್ಟು ಸುಲಭ ಅಲ್ಲ. ಅತಿ ಚಿಕ್ಕ ಅಣು, ಒತ್ತಡವೂ ಜಾಸ್ತಿ, ಬಿರುಕು ಸಿಕ್ರೆ ನುಸುಳುತ್ತೆ. ಬಂಡೆಗೆ ಉಕ್ಕಿನ ಒಳಪದರ ಬೇಕು. ಸ್ವೀಡನ್ನಿನ ಲೂಲಿಯೊದಲ್ಲಿ 2022ರಲ್ಲಿ ಅಂಥದ್ದೊಂದು ಶುರು ಮಾಡಿದ್ರು. ಗಾತ್ರ ಬರೀ 100 ಘನ ಮೀಟರ್, ನಮ್ಮ ಕ್ಲಾಸ್‌ರೂಮಿಗಿಂತ ದೊಡ್ಡದೇನಲ್ಲ.

6/6
ಸೈನ್ಸ್ ಓದೋರಿಗೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಆರ್ಟ್ಸ್ ಓದೋರು ಇನ್ನೊಂದು ಪ್ರಶ್ನೆ ಹಿಡ್ಕೊಳ್ಳಿ. ದೊಡ್ಡ ಹಗೇವು ಇದ್ದದ್ದು ಹೆಚ್ಚಾಗಿ ಉಳ್ಳವರ ಮನೆಯಲ್ಲಿ. ಬರಗಾಲದಲ್ಲಿ ಅದರ ಬಾಯಿ ಯಾರಿಗೆ, ಯಾವ ಷರತ್ತಿಗೆ ತೆರೆಯಿತು ಅನ್ನೋದ್ರ ಮೇಲೆ ಕೂಲಿಯವರ ಮನೆ ಒಲೆ ನಿಂತಿತ್ತು. ನಾಳೆ ನಮ್ಮ ಗುಡ್ಡದ ಗಾಳಿಯನ್ನ ನೆಲದಡಿ ಕೂಡಿಟ್ರೆ, ಏಪ್ರಿಲ್‌ನಲ್ಲಿ ಅದು ಮೊದಲು ಯಾರಿಗೆ? ಜಾಗ ಬಿಟ್ಟುಕೊಟ್ಟವರಿಗೆ ಏನು? ಶರಾವತಿಯಲ್ಲಿ ಇದನ್ನ ಮೊದಲೇ ಕೇಳಬೇಕಿತ್ತು.

ಒಂದು ಹೋಂವರ್ಕ್: ನಿಮ್ಮೂರಲ್ಲಿ ಹಳೇ ಹಗೇವು ಇದ್ದ ಜಾಗ ಹಿರಿಯರನ್ನ ಕೇಳಿ, ಫೋಟೋ ಕಳಿಸಿ, ಮುಂದಿನ ಸರಣಿಯಲ್ಲಿ ಹಾಕ್ತೀನಿ. ಮೇಲಿಂದಲೇ ತೆಗೀರಿ. ದಯವಿಟ್ಟು ಯಾರೂ ಒಳಗೆ ಇಳೀಬೇಡಿ.

#ಆನಗೋಡು #ದಾವಣಗೆರೆ #ಹಗೇವು #ನಮ್ಮೂರಇತಿಹಾಸ