ಒಂದೇ ಗಿಡ, ಮೂರು ಹೆಸರು, ಮುಗಿಯದ ಜಗಳ

ಮೊನ್ನೆ ನಮ್ಮ ಕ್ಲಾಸ್ ಗ್ರೂಪಲ್ಲಿ ಒಬ್ಬ ಮೆಸೇಜ್ ಹಾಕಿದ್ದ: "ಸಟೈವಾ ಚುರುಕು ಮಾಡುತ್ತೆ, ಇಂಡಿಕಾ ನಿದ್ದೆ ಬರಿಸುತ್ತೆ. ಎರಡೂ ಬೇರೆ ಬೇರೆ ಗಿಡ. ಇದು ಸೈನ್ಸ್ ಕಣ್ರೋ." ಎಲ್ಲರೂ ಹೌದು ಹೌದು ಅಂದ್ರು. ನಾನು ಸುಮ್ಮನಿದ್ದೆ, ಯಾಕಂದ್ರೆ ನನಗೂ ಗೊತ್ತಿರಲಿಲ್ಲ. ಆಮೇಲೆ ಓದ್ತಾ ಹೋದೆ. ಗಾಂಜಾ ಗಿಡದಲ್ಲಿ ಎಷ್ಟು ಜಾತಿ ಅನ್ನೋ ಪ್ರಶ್ನೆಗೆ 270 ವರ್ಷಗಳ ಇತಿಹಾಸ ಇದೆ. ಅದರ ಉತ್ತರದ ಮೇಲೆ ಕೆಲವರ ಜೈಲುವಾಸವೇ ನಿಂತಿತ್ತು. ಈ ವಾರದ ಇತಿಹಾಸ ಸರಣಿ ಅದರ ಬಗ್ಗೆ.

1️⃣ ಶುರುವಾಗಿದ್ದು ಹಗ್ಗದಿಂದ

1753ರಲ್ಲಿ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಈ ಗಿಡಕ್ಕೆ 'ಕ್ಯಾನಬಿಸ್ ಸಟೈವಾ' ಅಂತ ಹೆಸರಿಟ್ಟ. ಅವನ ಕಾಲದ ಯುರೋಪಿನಲ್ಲಿ ಇದು ನಾರಿನ ಬೆಳೆ. ಹಡಗಿನ ಹಗ್ಗ, ಹಾಯಿಬಟ್ಟೆ ಎಲ್ಲ ಇದರಿಂದಲೇ. 'ಸಟೈವಾ' ಅಂದ್ರೆ ಲ್ಯಾಟಿನ್‌ನಲ್ಲಿ 'ಬಿತ್ತಿ ಬೆಳೆಸಿದ್ದು', ಅಷ್ಟೇ. ನಾವು ಉಣ್ಣೋ ಭತ್ತ 'ಒರೈಜಾ ಸಟೈವಾ'. ಸಾರಿಗೆ ಹಾಕೋ ಕೊತ್ತಂಬರಿ 'ಕೊರಿಯಾಂಡ್ರಮ್ ಸಟೈವಮ್'. ಚುರುಕಿಗೂ ಈ ಪದಕ್ಕೂ ಸಂಬಂಧವೇ ಇಲ್ಲ.

ಇನ್ನೊಂದು ತಮಾಷೆ ನೋಡಿ. ಈ ಗಿಡದಲ್ಲಿ ಸಾಮಾನ್ಯವಾಗಿ ಗಂಡು ಬೇರೆ, ಹೆಣ್ಣು ಬೇರೆ. ಬೀಜ ಬಿಡೋ ಹೆಣ್ಣು ಗಿಡ ದಪ್ಪಗೆ, ಗಟ್ಟಿಯಾಗಿ ಇರುತ್ತೆ ಅಂತ ಇಂಗ್ಲೆಂಡಿನ ರೈತರು ಬಹುಕಾಲ ಅದನ್ನೇ 'ಗಂಡು' ಅಂತ ಕರೀತಿದ್ರು! ಕಣ್ಣಿಗೆ ಕಂಡದ್ದನ್ನು ನಂಬಿ ಹೆಸರಿಟ್ಟರೆ ಹೀಗೂ ಆಗುತ್ತೆ.

2️⃣ ಇಂಡಿಕಾ ಬಂತು

1785ರಲ್ಲಿ ಫ್ರಾನ್ಸಿನ ಲಾಮಾರ್ಕ್ ಕೈಗೆ ಭಾರತದಿಂದ ಒಣಗಿಸಿದ ಗಿಡಗಳು ಸಿಕ್ಕವು. ಕಳಿಸಿದ್ದು ಪಿಯರ್ ಸೊನೆರಾ ಅನ್ನೋ ಪ್ರವಾಸಿ. ಇದರ ಕಾಂಡ ಗಟ್ಟಿ, ತೊಗಟೆ ತೆಳು, ಹಗ್ಗ ಹೊಸೆಯೋಕೆ ಬರಲ್ಲ, ಆದ್ರೆ ತಲೆಗೆ ಏರುತ್ತೆ. ಹಾಗಾಗಿ ಇದು ಬೇರೆಯೇ ಜಾತಿ ಅಂತ 'ಕ್ಯಾನಬಿಸ್ ಇಂಡಿಕಾ' ಅಂದ. ಅವನು ಭಾರತಕ್ಕೆ ಕಾಲಿಟ್ಟವನೇ ಅಲ್ಲ.

1924ರಲ್ಲಿ ರಷ್ಯಾದ ಯಾನಿಷೆವ್ಸ್ಕಿ ಪಾಳುನೆಲದಲ್ಲಿ ತಾನಾಗೇ ಬೆಳೆಯೋ ಗಿಡ್ಡ ಗಿಡಕ್ಕೆ 'ರುಡೆರಾಲಿಸ್' ಅಂತ ಮೂರನೇ ಹೆಸರು ಕೊಟ್ಟ.

3️⃣ ಹೆಸರು ಕೋರ್ಟ್ ಮೆಟ್ಟಿಲೇರಿತು

ಅಮೆರಿಕದ ಕಾನೂನಿನಲ್ಲಿ ನಿಷೇಧಿಸಿದ್ದು 'ಕ್ಯಾನಬಿಸ್ ಸಟೈವಾ'ವನ್ನು. 1970ರ ದಶಕದಲ್ಲಿ ವಕೀಲರು ಇದನ್ನೇ ಹಿಡಕೊಂಡ್ರು: "ನನ್ನ ಕಕ್ಷಿದಾರನ ಹತ್ರ ಸಿಕ್ಕಿದ್ದು ಇಂಡಿಕಾ ಅಲ್ಲ, ಸಟೈವಾನೇ ಅಂತ ಹೇಗೆ ಹೇಳ್ತೀರಿ?" ಪೊಲೀಸರಿಗೆ ಸಿಕ್ಕಿದ್ದು ಒಣಗಿದ ಪುಡಿ. ಅದರಲ್ಲಿ ಜಾತಿ ಹುಡುಕೋದು ಎಲ್ಲಿಂದ? ಹಾರ್ವರ್ಡ್‌ನ ರಿಚರ್ಡ್ ಶುಲ್ಟೀಸ್ ಮೂರು ಜಾತಿ ಅಂದ್ರು. ಕೆನಡಾದ ಅರ್ನೆಸ್ಟ್ ಸ್ಮಾಲ್ ಒಂದೇ ಅಂದ್ರು. ಕೊನೆಗೆ ಬಹುತೇಕ ಮೇಲ್ಮನವಿ ಕೋರ್ಟ್‌ಗಳು "ಜಾತಿ ಎಷ್ಟಾದರೂ ಇರಲಿ, ಶಾಸನ ಮಾಡಿದವರ ಉದ್ದೇಶ ಎಲ್ಲವನ್ನೂ ನಿಷೇಧಿಸೋದೇ" ಅಂತ ತೀರ್ಪು ಕೊಟ್ಟವು.

4️⃣ 0.3ರ ಗೆರೆ

1976ರಲ್ಲಿ ಸ್ಮಾಲ್ ಮತ್ತು ಆರ್ಥರ್ ಕ್ರಾಂಕ್ವಿಸ್ಟ್ ಒಂದು ದಾರಿ ತೋರಿಸಿದ್ರು. ಜಾತಿ ಒಂದೇ, ಉಪಜಾತಿ ಎರಡು. ಮತ್ತು ತರಿಸೋ ಅಂಶ, ಅಂದ್ರೆ ಟಿಎಚ್‌ಸಿ, ಒಣ ತೂಕದಲ್ಲಿ 0.3%ಗಿಂತ ಕಮ್ಮಿ ಇದ್ರೆ ಸಟೈವಾ, ಜಾಸ್ತಿ ಇದ್ರೆ ಇಂಡಿಕಾ. ಆ ಅಂಕಿಯನ್ನು ಅನುಕೂಲಕ್ಕೆ ಆರಿಸಿಕೊಂಡಿದ್ದೇವೆ ಅಂತ ಅವರೇ ಬರೆದುಕೊಂಡಿದ್ರು. ಆದ್ರೆ 2018ರಲ್ಲಿ ಅದೇ 0.3% ಅಮೆರಿಕದ ಕೃಷಿ ಕಾನೂನಿನೊಳಗೆ ಬಂತು. ಗೆರೆಯ ಈಚೆ ಬೆಳೆ, ಆಚೆ ಅಪರಾಧ. ಗಿಡಕ್ಕೆ ಮಾತ್ರ ಈ ಗೆರೆ ಗೊತ್ತಿಲ್ಲ.

5️⃣ ನಮ್ಮಲ್ಲಿ ಲೆಕ್ಕವೇ ಬೇರೆ

ನಮ್ಮ ಜನ ವಿಂಗಡಿಸಿದ್ದು ಗಿಡವನ್ನಲ್ಲ, ಗಿಡದ ಭಾಗವನ್ನು. ಎಲೆ ಭಂಗಿ, ಹೂತೆನೆ ಗಾಂಜಾ, ಅಂಟು ಚರಸ್. ಬ್ರಿಟಿಷ್ ಸರ್ಕಾರ 1893ರಲ್ಲಿ ನೇಮಿಸಿದ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿದ್ದು ಇದೇ ಮೂರು ಹೆಸರಿಟ್ಟುಕೊಂಡು. 1985ರ ಎನ್‌ಡಿಪಿಎಸ್ ಕಾಯ್ದೆಯೂ ಇದೇ ಜಾಡಿನಲ್ಲಿದೆ. ಗಾಂಜಾ 1 ಕೆ.ಜಿ.ವರೆಗೂ 'ಸಣ್ಣ ಪ್ರಮಾಣ', ಚರಸ್ ಆದ್ರೆ ಬರೀ 100 ಗ್ರಾಂ. ಸಣ್ಣದು ಅಂದ್ರೆ ಬಿಟ್ಟುಬಿಡ್ತಾರೆ ಅಂತಲ್ಲ, ಅದಕ್ಕೂ 1 ವರ್ಷದವರೆಗೆ ಜೈಲಿದೆ. ತೆನೆಯಿಲ್ಲದ ಬರೀ ಎಲೆ ಈ ಕಾಯ್ದೆಯ ಗಾಂಜಾ ವ್ಯಾಖ್ಯೆಗೆ ಬರಲ್ಲ. 2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಭಂಗಿ ಪ್ರಕರಣವೊಂದರಲ್ಲಿ ಆರೋಪಿಗೆ ಜಾಮೀನು ಕೊಟ್ಟಿದ್ದು ಇದೇ ಅಂಶದ ಮೇಲೆ. ಅಬಕಾರಿ ನಿಯಮಗಳ ಕಥೆ ಮತ್ತೆ ಬೇರೆ.

6️⃣ ಹಾಗಾದ್ರೆ ಆ ಮೆಸೇಜ್?

ಲಾಮಾರ್ಕ್ ಭಾರತದ ಗಿಡಕ್ಕಿಟ್ಟ ಹೆಸರು 20ನೇ ಶತಮಾನದಲ್ಲಿ ಅಫ್ಘಾನಿಸ್ತಾನದ ಗಿಡ್ಡ, ಅಗಲ ಎಲೆಯ ಗಿಡಕ್ಕೆ ಅಂಟಿಕೊಂಡಿತು. ಅಂಗಡಿಯವರ 'ಇಂಡಿಕಾ' ಅದು. 2015ರಲ್ಲಿ ಕೆನಡಾದ ಸಂಶೋಧಕರು ಮಾರಾಟದ ತಳಿಗಳ ಡಿಎನ್ಎ ನೋಡಿದಾಗ ಲೇಬಲ್ಲಿಗೂ ವಂಶಕ್ಕೂ ಸರಿಯಾಗಿ ತಾಳೆಯಾಗಲೇ ಇಲ್ಲ. ಈಗಲೂ ಕೆಲವರು ಒಂದೇ ಜಾತಿ ಅಂತಾರೆ, ಕೆಲವರು ಒಪ್ಪಲ್ಲ.

ಗ್ರೂಪಲ್ಲಿ ನಾನು ಕೊನೆಗೆ ಹಾಕಿದ ಉತ್ತರ ಇಷ್ಟೇ: "ಅದು ಸೈನ್ಸ್ ಅಲ್ಲ ಮಾರಾಯ, ಲೇಬಲ್." ಲೇಬಲ್ ನಂಬಿ ಏನನ್ನೋ ಬಾಯಿಗೆ ಹಾಕಿಕೊಳ್ಳೋದು, ಲೇಬಲ್ ನಂಬಿ "ಇದಕ್ಕೆ ಕೇಸ್ ಆಗಲ್ಲ" ಅನ್ನೋದು, ಎರಡೂ ಅಪಾಯ. ಹೆಸರು ಇಟ್ಟೋರು ಯಾರು, ಯಾವಾಗ, ಯಾಕೆ ಅಂತ ಒಂದ್ಸಲ ಕೇಳಿ ನೋಡಿ.

ನೀವು ಹೀಗೇ 'ಸೈನ್ಸ್' ಅಂತ ನಂಬಿಕೊಂಡು ಬಂದ ಇನ್ನೊಂದು ಹೆಸರು ಯಾವುದು? ಕಾಮೆಂಟಲ್ಲಿ ಬರೀರಿ, ಮುಂದಿನ ವಾರ ಅದನ್ನೇ ಹುಡುಕೋಣ.

#ಇತಿಹಾಸ #ಹೆಸರಿನಹಿಂದೆ #ಕನ್ನಡದಲ್ಲಿವಿಜ್ಞಾನ